ಅಳಲಿ ಬಿಡು

ಬಚ್ಚಲುಮನೆಯಿಂದ ನಾಯಿಮರಿಯ ಕುಂಯ್ ಎನ್ನುವ ಸದ್ದು ಕೇಳಿದಾಗ ನಾನು ಬೇಳೆಗೆ ಒಗ್ಗರಣೆ ಹಾಕುತ್ತಿದ್ದೆ. ನಮ್ಮ ಮನೆಯಲ್ಲಿ ನಾಯಿಯಿಲ್ಲ. ಗ್ಯಾಸ್ ಆರಿಸಿ ಹೋಗಿ ಬಾಗಿಲು ತಟ್ಟಿದೆ.

“ಅತ್ತೆ, ಫೋನು ಒಳಗೆ ತಗೊಂಡು ಹೋಗಿದ್ದೀರಾ?”

“ಇಲ್ಲವಾ. ಹಲ್ಲು ತಿಕ್ಕಾಕತ್ತೇನಿ.”

“ಊಟದ ಹೊತ್ತಲ್ಲಿ?”

ಒಳಗೆ ಮರಿ ಇನ್ನೊಮ್ಮೆ ಅತ್ತಿತು. ಅತ್ತೆ ಚನ್ನಮ್ಮ ಬಾಗಿಲು ತೆರೆದರು. ಕಪ್ಪು ಕನ್ನಡಕ ಹಣೆಯ ಮೇಲೇರಿತ್ತು. ಪೊರೆ ತೆಗೆಸಿದ್ದ ಎಡಗಣ್ಣು ಕೆಂಪಾಗಿ, ರೆಪ್ಪೆ ಒದ್ದೆಯಾಗಿತ್ತು. ಉಜ್ಜಿಕೊಂಡಿದ್ದಾರೆಂದು ನೋಡಿದೊಡನೆ ತಿಳಿಯಿತು. ಹಿಂದಿನ ದಿನವಷ್ಟೇ ಡಾಕ್ಟರು ಗದರಿಸಿ ಕಳಿಸಿದ್ದರು: ಬಾವು ಇಳಿದಿಲ್ಲ, ಫೋನು ನೋಡಿದರೆ ಕಣ್ಣು ಉರಿಯುತ್ತದೆ, ಉರಿದರೆ ಉಜ್ಜುತ್ತೀರಿ, ಹೀಗೇ ಉಜ್ಜುತ್ತಿದ್ದರೆ ಈ ಕಣ್ಣಿನ ಭರವಸೆ ನಾನು ಕೊಡಲಾರೆ. ಬಲಗಣ್ಣಿಗೆ ಮೊದಲಿಂದಲೂ ಮಂಜು. ಅವರಿಗೆ ಉಳಿದಿರುವುದು ಇದೊಂದೇ.

“ಮರಿ ಹಸದಿತ್ತು. ಒಂದು ತುತ್ತು ಹಾಕಿ ಬಂದೆ, ಅಷ್ಟ,” ಎಂದರು.

“ಅದು ಆಟ ಅತ್ತೆ.”

“ಆಟ ಅಂತ ನನಗೂ ಗೊತ್ತೈತಿ. ಆದ್ರ ‘ಅಳಲಿ ಬಿಡು’ ಅಂತ ಒತ್ತಾಕ ನನ್ನ ಬಟ್ಟು ಬರಂಗಿಲ್ಲ. ಅಂಥಾ ಮಾತು ಬರದಾಕಿನೂ ನೀನ, ನೋಡಬ್ಯಾಡ ಅನ್ನಾಕಿನೂ ನೀನ.”

ಮಾತು ನನ್ನದೇ. ಮೈಸೂರಿನಲ್ಲಿ ಕನ್ನಡ ಎಂ.ಎ. ಮಾಡಿದವಳಿಗೆ ಕೋಲ್ಕತ್ತದಲ್ಲಿ ಕೆಲಸ ಸಿಕ್ಕೀತೆಂದು ಮನೆಯಲ್ಲಿ ಯಾರೂ ಅಂದುಕೊಂಡಿರಲಿಲ್ಲ. ಗಂಡ ವಿಶ್ವೇಶ್ವರ ಹೌರಾದ ರೈಲ್ವೆ ಕಚೇರಿಗೆ ಹೊರಟರೆ ಬಾಲಿಗಂಜಿನ ಈ ಫ್ಲಾಟಿನಲ್ಲಿ ನಾನು, ಅತ್ತೆ, ಕೆಳಗಿನ ಬೀದಿಯ ಮೀನಿನವನ ಕೂಗು. ಊರಿನ ಐಟಿ ಕಚೇರಿಗಳಿರುವ ಸೆಕ್ಟರ್ ಫೈವ್‌ನ ಒಂದು ಗೇಮ್ ಕಂಪನಿಗೆ ತಮ್ಮ ನಾಯಿಮರಿಯ ಆಟವನ್ನು ಕನ್ನಡದಲ್ಲಿ ಬರೆಯುವವರು ಬೇಕಿದ್ದರು. ಮನೆಯಿಂದಲೇ ಮಾಡುವ ಕೆಲಸ. ನಾನು ಖುಷಿಪಟ್ಟೆ. ಧಾರವಾಡದಿಂದ ಬಂದು ಇಲ್ಲಿ ಮಾತಿಗೆ ಜನವಿಲ್ಲದೆ ಕೂತಿದ್ದ ಅತ್ತೆಯ ಫೋನಿಗೆ ಆಟವನ್ನು ಹಾಕಿಕೊಟ್ಟವಳೂ ನಾನೇ. ಮನೆಯವರನ್ನು ಬಿಟ್ಟರೆ ಅವರಿಗೆ ಸಿಕ್ಕ ಕನ್ನಡವೆಂದರೆ ಆ ಮರಿಯದು ಮಾತ್ರ.

ಆಟದಿಂದ ಹೊರಬರುವಾಗ ಮರಿ ಆಡಬೇಕಾದ ಮಾತಿಗೆ ನಾನು ಮೊದಲು ಬರೆದದ್ದು, ‘ಹೋಗಿ ಬಾ, ನಾನಿಲ್ಲೇ ಇರ್ತೀನಿ.’ ನಮ್ಮಲ್ಲಿ ಹೊರಡುವವರು ಹೋಗುತ್ತೇನೆ ಎನ್ನುವುದಿಲ್ಲ, ಬರುತ್ತೇನೆ ಎನ್ನುತ್ತಾರೆ. ಬಂಗಾಳಿಗಳೂ ‘ಆಶಿ’, ಬರುತ್ತೇನೆ, ಎಂದೇ ಚಪ್ಪಲಿ ಮೆಟ್ಟುತ್ತಾರೆ. ನನಗೆ ಅದು ಸರಿಯಾದ ಮಾತೆನಿಸಿತ್ತು. ತಂಡದ ಮುಖ್ಯಸ್ಥ ಶ್ರೀವತ್ಸ, ಬೆಂಗಳೂರಿನ ಹುಡುಗ, ಅದನ್ನು ವಾಪಸು ಕಳಿಸಿದ. “ಜನ ಆರಾಮಾಗಿ ಎದ್ದು ಹೋಗ್ತಿದ್ದಾರೆ ಮೇಡಂ. ಹೋಗುವಾಗ ಸ್ವಲ್ಪ ಚುರುಕ್ ಅನ್ನಬೇಕು.”

ಆಗ ಹೊಸದಾಗಿ ಬರೆದೆ. ಮರಿ ಕಣ್ಣು ತುಂಬಿಕೊಂಡು, ‘ನನ್ನ ಬಿಟ್ಟು ಹೋಗ್ತೀಯಾ? ನನಗೆ ಬೇರೆ ಯಾರಿದ್ದಾರೆ?’ ಎನ್ನುತ್ತದೆ. ಕೆಳಗೆ ದೊಡ್ಡ ಹಸಿರು ಗುಂಡಿ: ‘ಇಲ್ಲೇ ಇರ್ತೀನಿ.’ ಅದರಡಿ ಮೂಲೆಯಲ್ಲಿ, ಬೂದು ಬಣ್ಣದ ಸಣ್ಣ ಅಕ್ಷರ: ‘ಅಳಲಿ ಬಿಡು.’ ಆಟದಲ್ಲೇ ಉಳಿದರೆ ಮರಿಗೆ ಹಸಿವಾಗುತ್ತದೆ. ಹಸಿದರೆ ಒಡವೆ ಅಂಗಡಿಯ ಜಾಹೀರಾತು ನೋಡಿ ಅನ್ನ ಗಳಿಸಬೇಕು, ಇಲ್ಲವೇ ಕೊಳ್ಳಬೇಕು. ಹಸಿವನ್ನು ನಾವೇ ಹುಟ್ಟಿಸುತ್ತೇವೆ, ಅನ್ನವನ್ನೂ ನಾವೇ ಮಾರುತ್ತೇವೆ. ಆಟ ಮಾತ್ರ ಉಚಿತ.

ಅತ್ತೆಗೆ ಊಟ ಬಡಿಸಿ ಶ್ರೀವತ್ಸನಿಗೆ ಫೋನು ಮಾಡಿದೆ.

“ಆ ಹೊರಡುವ ಮಾತು ಬದಲಾಯಿಸಬೇಕು ಶ್ರೀವತ್ಸ.”

“ಯಾವುದು, ‘ಅಳಲಿ ಬಿಡು’? ಅಯ್ಯೋ, ಎಲ್ಲಾ ಭಾಷೆಗಳಿಗಿಂತ ನಮ್ಮ ಕನ್ನಡದ್ದೇ ಫಸ್ಟ್ ಮೇಡಂ! ಮೀಟಿಂಗಲ್ಲಿ ನಿಮ್ಮ ಹೆಸರು ಹೇಳಿ ಚಪ್ಪಾಳೆ ಹೊಡೆದ್ರು.”

“ನಮ್ಮ ಅತ್ತೆ ಕಣ್ಣಿನ ಆಪರೇಷನ್ ಆದಮೇಲೂ ಫೋನು ಬಿಡ್ತಿಲ್ಲ.”

“ನೋಡಿ, ಎಷ್ಟು ಚೆನ್ನಾಗಿ ಕೆಲಸ ಮಾಡ್ತಿದೆ!” ಎಂದವನು ತಕ್ಷಣ ತಡವರಿಸಿದ. “ಸಾರಿ ಮೇಡಂ. ಅಂದ್ರೆ, ಅವರ ಫೋನಿಂದ ತೆಗೆದುಬಿಡಿ.”

“ಬೇರೆಯವರ ಅತ್ತೆಯರ ಫೋನಿಂದ ಯಾರು ತೆಗೀತಾರೆ?”

“ಅದು ನನ್ನ ಕೈಲಿಲ್ಲ ಮೇಡಂ. ಮೇಲಿನವರಿಗೆ ಹೇಳಿ ನೋಡ್ತೀನಿ.”

ಮೇಲಿನವರು ಯಾರು, ಎಲ್ಲಿರುತ್ತಾರೆ ಎಂಬುದು ನನಗಿನ್ನೂ ಗೊತ್ತಿಲ್ಲ.

ಅವನು ಹೇಳಿದಂತೆ ಆಟವನ್ನು ತೆಗೆದೆ. ಅತ್ತೆ ಜಗಳವಾಡಲಿಲ್ಲ. “ಕೊಂದಿ?” ಎಂದು ಒಂದೇ ಮಾತು ಕೇಳಿ ಗೋಡೆಯ ಕಡೆ ತಿರುಗಿ ಮಲಗಿದರು. ಮುಚ್ಚಿದ ರೆಪ್ಪೆಯಡಿಯಿಂದ ನೀರು ಇಳಿಯುತ್ತಿತ್ತು, ಸೆರಗಿನಿಂದ ಒತ್ತಿ ಒತ್ತಿ ಒರೆಸಿಕೊಂಡರು. ಅದನ್ನು ಕಂಡು ಹೆದರಿ ಮರಳಿ ಹಾಕಿದೆ. ಮರಿ ಬಡಕಲಾಗಿ ಬಂತು. ‘ಇಷ್ಟು ದಿನ ಎಲ್ಲಿಗೆ ಹೋಗಿದ್ದೆ?’ ಎಂದಿತು. ಅದನ್ನೂ ನಾನೇ ಬರೆದಿದ್ದೆ.

ಕೊನೆಗೆ ಒಂದು ಉಪಾಯ ಹೊಳೆಯಿತು. ಬಂಗಾಳಿ ಆವೃತ್ತಿಯಲ್ಲಿ ಮರಿ ಅಳುವುದಿಲ್ಲ, ಬಾಲ ಅಲ್ಲಾಡಿಸಿ ‘ಮತ್ತೆ ಬನ್ನಿ’ ಎನ್ನುತ್ತದೆ. ಅತ್ತೆ ನಿದ್ದೆಯಲ್ಲಿದ್ದಾಗ ಆಟದ ಭಾಷೆ ಬದಲಾಯಿಸಿದೆ. ಈ ಊರಿನಲ್ಲಿ ಅವರಿಗಿದ್ದ ಒಂದು ಹಿಡಿ ಕನ್ನಡವನ್ನು ಕಿತ್ತುಕೊಳ್ಳುತ್ತಿದ್ದೇನೆ ಎಂದು ಗೊತ್ತಿತ್ತು. ಆದರೂ ಅದಕ್ಕಿಂತ ಕಣ್ಣು ದೊಡ್ಡದು.

“ಇದೇನ, ಮರಿ ಇಲ್ಲಿಯವರ ಮಾತು ಆಡಾಕತ್ತೈತಿ?” ಎಂದರು ಎದ್ದಮೇಲೆ.

“ಇಲ್ಲೇ ಬೆಳೆದದ್ದಲ್ವಾ ಅತ್ತೆ.”

“ಹಂಗಾರ ನನಕಿಂತ ಶಾಣ್ಯಾ ಐತಿ.”

ಓದಲಾಗದ ಮರಿಯ ಮೇಲೆ ಆಸೆ ಕಡಿಮೆಯಾಯಿತು. ಫೋನು ಮೇಜಿನ ಮೇಲೆ ಮಲಗತೊಡಗಿತು. ಅತ್ತೆ ಬಾಲ್ಕನಿಯಲ್ಲಿ ಕೂತು ಟ್ರಾಮಿನ ಗಂಟೆಗೆ ಕಿವಿಗೊಟ್ಟರು, ಬೇಳೆಗೆ ಉಪ್ಪು ಕಡಿಮೆ ಎಂದು ಬೈದರು. ಕಣ್ಣಿನ ಕೆಂಪು ಅಂಚಿಗೆ ಸರಿಯುತ್ತಿತ್ತು. ನಾನು ದಿನವೂ ಕಿಟಕಿಯ ಬೆಳಕಿಗೆ ಅವರ ಗಲ್ಲ ಎತ್ತಿ ನೋಡುತ್ತಿದ್ದೆ.

ಕಣ್ಣಿನ ತಪಾಸಣೆಗೆ ಹೋಗುವ ಹಿಂದಿನ ದಿನ ಶ್ರೀವತ್ಸನ ಸಂದೇಶ ಬಂತು. ‘ಶುಭ ಸುದ್ದಿ ಮೇಡಂ! ಮೇಲಿನವರಿಗೆ ನಿಮ್ಮ ಲೈನು ಬಹಳ ಇಷ್ಟವಾಗಿದೆ. ಇನ್ನು ಎಲ್ಲಾ ಭಾಷೆಗಳಲ್ಲೂ ಅದೇ. ಬಂಗಾಳಿ ಇವತ್ತಿಂದಲೇ.’

ಓದಿ ಮುಗಿಸುವಷ್ಟರಲ್ಲಿ ಒಳಗಿನಿಂದ ಕುಂಯ್ ಎಂಬ ಸದ್ದು.

“ಜಲಜಾ, ಬಾ ಇಲ್ಲಿ. ಇದು ಇಲ್ಲಿಯವರ ಮಾತು ಕಲಿತರೂ ಅಳೂದು ಬಿಡಲಿಲ್ಲ. ಏನಂತೈತಿ ಓದು.”

ಅತ್ತೆ ಫೋನನ್ನು ಮೂಗಿನ ಹತ್ತಿರ ಹಿಡಿದಿದ್ದರು. ಅಂಗಡಿ ಬೋರ್ಡುಗಳನ್ನು ಓದಿ ಓದಿ ಬಂಗಾಳಿ ಅಕ್ಷರ ನನಗೆ ಬರುತ್ತದೆ. ನಾನು ಬರೆದದ್ದನ್ನು ಒಂದು ಮಾತೂ ಬಿಡದೆ ಬಂಗಾಳಿಗೆ ತಂದಿದ್ದರು.

“‘ಹೋಗಿ ಬಾ, ನಾನಿಲ್ಲೇ ಇರ್ತೀನಿ’ ಅಂತಿದೆ ಅತ್ತೆ.”

“ಮತ್ತ ಕಣ್ಣಾಗ ನೀರು ಯಾಕ?”

“ನಿದ್ದೆ ಬಂದಿದೆ ಅದಕ್ಕೆ.”

ಅವರು ಫೋನು ಬಿಟ್ಟು ನನ್ನ ಮುಖ ನೋಡಿದರು. “ನಿನಗ ಸುಳ್ಳು ಹೇಳಾಕ ಬರಂಗಿಲ್ಲ. ಬರಿಯಾಕಷ್ಟ ಬರತೈತಿ.”

ಫೋನು ನನ್ನ ಕೈಗೆ ಬಂತು.

“ನೀನ ಒತ್ತು. ನನ್ನ ಕೈಲೆ ಆಗಂಗಿಲ್ಲ.”

ಬೂದು ಅಕ್ಷರವನ್ನು ಒತ್ತಹೋದೆ. ಬೆರಳು ಹಸಿರಿನ ಮೇಲೆ ಬಿದ್ದು ಮರಿ ಕುಣಿದಾಡಿತು. ಮತ್ತೆ ಒತ್ತಿದೆ, ಮತ್ತೆ ಹಸಿರು. ತಪ್ಪಲಿ ಎಂದೇ ಅದನ್ನು ಅಷ್ಟು ಸಣ್ಣದು ಮಾಡಿದ್ದಾರೆ. ಉಗುರಿನ ತುದಿ ಇಟ್ಟು ಒತ್ತಿದಾಗ ಪರದೆ ಕಪ್ಪಾಯಿತು.

ಇಬ್ಬರೂ ಊಟಕ್ಕೆ ಕೂತೆವು. ಅತ್ತೆ ತುತ್ತು ಕಲಸುವಷ್ಟರಲ್ಲಿ ಮೇಜಿನ ಮೇಲಿನ ಫೋನು ತಾನಾಗಿ ಎಚ್ಚೆತ್ತು ಅಳತೊಡಗಿತು. ಎದ್ದು ಹೋದವರನ್ನು ಕರೆತರಲು ಅದು ಹೀಗೆ ಕೂಗುತ್ತದೆ. ತುತ್ತು ಹಿಡಿದ ಕೈ ಅರ್ಧದಲ್ಲೇ ನಿಂತಿತು. ಮರಿ ಕೂಗುತ್ತಲೇ ಇತ್ತು.

“ಅಳಲಿ ಬಿಡು,” ಎಂದರು ಅತ್ತೆ. ಎಡಗಣ್ಣು ತುಂಬಿ ಬಂತು, ಅನ್ನದ ಕೈಯನ್ನು ತಟ್ಟೆಗಿಟ್ಟು ಇನ್ನೊಂದು ಕೈಯನ್ನು ಕಣ್ಣಿಗೆ ಒಯ್ದರು.

ನಾನು ಮುಂದಕ್ಕೆ ಬಾಗಿ ಆ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡೆ.