ಬೆಲ್ಲದ ಡಬ್ಬಿಯ ಮೇಲಿನ ಕ್ಯಾಮೆರಾ

ಶಹಾಪುರದ ಗೊಲ್ಲಾಳಮ್ಮ ತನ್ನ ಕಿರಾಣಿ ಅಂಗಡಿಗೆ ಕ್ಯಾಮೆರಾ ಹಾಕಿಸಿದ್ದು ಕಳ್ಳರಿಗಾಗಿ ಅಲ್ಲ, ಅಳಿಯನಿಗಾಗಿ. ಮಗಳು ಕಸ್ತೂರಿಯ ಗಂಡ, ಸುರಪುರದ ಅಮರಪ್ಪ, ಅಂಗಡಿಯಲ್ಲಿ ಕೂತನೆಂದರೆ ಬೆಲ್ಲದ ಡಬ್ಬಿಯಲ್ಲಿ ಬಾವಿ ತೋಡಿದಂತೆಯೇ. ನಾರಾಯಣಪುರದ ಡ್ಯಾಮನ್ನಾದರೂ ತುಂಬಿಸಬಹುದು, ಇವನ ಹೊಟ್ಟೆ ತುಂಬದು ಎನ್ನುತ್ತಿದ್ದಳು ಅತ್ತೆ. ಅದಕ್ಕೇ ಡಬ್ಬಿಯೂ ಬಾಗಿಲೂ ಒಟ್ಟಿಗೆ ಕಾಣುವಂತೆ ಒಳಗಿನ ತೊಲೆಗೆ ಕ್ಯಾಮೆರಾ ಬಿಗಿಸಿದಳು. ಬಿಗಿಸಿದ ಮೇಲೆ ಪೂಜೆ ಬೇಡವೇ? ತಕ್ಕಡಿಗೆ ಮಾಡುವಂತೆ ಅದಕ್ಕೂ ಪ್ರತಿ ಸೋಮವಾರ ವಿಭೂತಿ ಹಚ್ಚಿ, ಚೆಂಡು ಹೂವಿನ ಮಾಲೆ ಹಾಕುತ್ತಿದ್ದಳು.

ಅಂಥದೊಂದು ಸೋಮವಾರ ಹತ್ತಿ ದಲ್ಲಾಳಿ ಶಾಂತಪ್ಪ ಅಂಗಡಿಯ ಬಾಗಿಲಿಗೇ ಮೋಟಾರ್‌ಸೈಕಲ್ ನಿಲ್ಲಿಸಿದ. ಅಂಗಡಿಯಲ್ಲಿ ಕೂತಿದ್ದ ಅಮರಪ್ಪ ತೆಗೆ ಎಂದದ್ದಕ್ಕೆ ಜಗಳ ಹತ್ತಿತು. ಶಾಂತಪ್ಪನ ಕೈ ಮುರಿಯಿತು, ಅಮರಪ್ಪನ ಮೇಲೆ ಕೇಸು ಬಿತ್ತು. ಶಾಂತಪ್ಪನ ಗೆಳೆಯ ಮೊಬೈಲಿನಲ್ಲಿ ಹಿಡಿದ ವಿಡಿಯೊದಲ್ಲಿ ಅಮರಪ್ಪ ಬಡಿಗೆ ಎತ್ತಿದ್ದು ಕಾಣುತ್ತಿತ್ತು; ಸೊಂಟದ ಕೆಳಗಿನದೇನೂ ಅದರಲ್ಲಿ ಬಂದಿರಲಿಲ್ಲ. ಅದನ್ನು ಯಾದಗಿರಿಯವರೆಗೆ ಜನ ಇರಲಿ, ಎಮ್ಮೆಗಳೂ ನೋಡಿ ಮುಗಿಸಿದ್ದವು.

"ನಾ ಹೊಡದಿಲ್ಲ ಅತ್ತಿ. ಅಂವ ಮೈಮ್ಯಾಲ ಬಂದ, ನಾ ಅಡ್ಡ ಬಡಿಗಿ ಹಿಡದೆ. ತಾನ ಬಿದ್ದ," ಎಂದ ಅಮರಪ್ಪ.

"ಬೆಲ್ಲಾನೂ ನೀವು ತಿಂದಿಲ್ಲ ಅಂತಿದ್ರಿ ಅಳಿಯಾರ."

ಹಾಗೆಂದಳೇ ಹೊರತು ಮಗಳ ಚಿಂತೆ ಬಿಡಲಿಲ್ಲ. ಇವನು ಜೈಲಿಗೆ ಹೋದರೆ ಕಸ್ತೂರಿಯ ಗತಿ? ಕ್ಯಾಮೆರಾದ ನೆನಪಾಗಿ ವಕೀಲೆ ನುಜ್ಹತರನ್ನು ಅಂಗಡಿಗೇ ಕರೆತಂದಳು. ಕ್ಯಾಮೆರಾಕ್ಕೆ ಜೋಡಿಸಿದ್ದ ಟಿವಿಯಲ್ಲಿ ಆ ಸೋಮವಾರದ ವಿಡಿಯೊ ಬಂತು. ಮೇಲಿನ ಅರ್ಧಕ್ಕೆ ಬರೀ ಚೆಂಡು ಹೂವು.

"ಮುಖ ಎಲ್ಲದಾವಮ್ಮ?" ಎಂದರು ನುಜ್ಹತ.

"ಹೂವಿನ ಹಿಂದ ಅದಾವ್ರಿ," ಎಂದು ಗೊಲ್ಲಾಳಮ್ಮ ಸೆರಗಿನಿಂದ ಟಿವಿಯ ಗಾಜು ಒರೆಸತೊಡಗಿದಳು.

"ಗಾಜಿನ ಮ್ಯಾಲಲ್ಲಮ್ಮ, ವಿಡಿಯೊದಾಗ ಅದ ಅದು."

"ಹಂಗಾರ ಕಂಪ್ಯೂಟರದಾಗ ಹಾಕಿ ತಿಕ್ಕಿಸ್ರಿ."

"ಒಂದು ಎಸಳು ತಗದ್ರೂ ವಿಡಿಯೊನ ಸುಳ್ಳು ಅಂತಾರ. ಹೆಂಗದನೋ ಹಂಗ ಕೋರ್ಟಿಗೆ ಹೋಗಬೇಕು. ವಿಡಿಯೊ ತುಂಬೋ ಮಷಿನ್ ಬಂದ್ ಮಾಡ್ರಿ, ಇಲ್ಲಂದ್ರ ಹಳೇದ್ರ ಮ್ಯಾಲ ಹೊಸದು ಕೂಡ್ತದ." ಎದ್ದು ಹೊರಟಿದ್ದ ನುಜ್ಹತ ಚಿತ್ರದ ಕೆಳಗಿನ ಅರ್ಧ ನೋಡಿ ಮತ್ತೆ ಕುಳಿತರು. ಅಲ್ಲಿ ನಾಲ್ಕು ಕಾಲುಗಳಿದ್ದವು.

ಕೋರ್ಟಿನಲ್ಲಿ ಮಷಿನ್ ಸಮೇತ ವಿಡಿಯೊ ತೋರಿಸಿದರು. ಅಮರಪ್ಪನ ಚಪ್ಪಲಿಗಳು ಹಿಂದೆ ಸರಿಯುತ್ತ ಸರಿಯುತ್ತ ಹೊಸ್ತಿಲಿಗೆ ತಾಗಿದವು. ಶಾಂತಪ್ಪನ ಬೂಟುಗಳು ಮುಂದೆ ನುಗ್ಗಿ, ಅವನದೇ ಧೋತರದ ಅಂಚನ್ನು ತುಳಿದವು. ಆಮೇಲೆ ಬೂಟುಗಳು ಮೇಲೆ, ಶಾಂತಪ್ಪ ಕೆಳಗೆ.

"ಮ್ಯಾಲಿನರ್ಧ ಅವರು ತಂದಾರ, ಕೆಳಗಿನರ್ಧ ನಾವು ತಂದೇವಿ. ಎರಡೂ ಕೂಡಿಸಿ ನೋಡ್ರಿ," ಎಂದರು ನುಜ್ಹತ.

ಸರ್ಕಾರಿ ವಕೀಲರು ಕಟಕಟೆಯಲ್ಲಿದ್ದ ಗೊಲ್ಲಾಳಮ್ಮನ ಕಡೆ ತಿರುಗಿದರು. "ಅಳಿಯನ್ನ ಉಳಸಾಕ ಈ ವಿಡಿಯೊ ತಂದೀರಲ್ಲ? ಅಳಿಯಗಾಗಿ ಏನ ಬೇಕಾದ್ದು ಮಾಡ್ತೀರಿ, ಹೌದಿಲ್ಲ?"

"ಉಳಸಾಕ ಅಲ್ರಿ, ಅಂವನ್ನ ಹಿಡಿಯಾಕ ಕ್ಯಾಮೆರಾ ಹಚ್ಚೀನಿ. ಬೆಲ್ಲ ಕದೀತಾನ್ರಿ. ಸುಳ್ಳಾದ್ರ ಜಗಳದ ಮುಂಚಿಂದು ನೋಡ್ರಿ."

ಜಡ್ಜ್ ಸಾಹೇಬರು ವಿಡಿಯೊ ಹಿಂದಕ್ಕೆ ಓಡಿಸಲು ಹೇಳಿದರು. ಚಿತ್ರದ ತಳದಲ್ಲಿ ಒಂದು ಕೈ ಬಂದು, ಮುಚ್ಚಳ ಎತ್ತಿ, ಹಿಡಿಗಾತ್ರದ ಬೆಲ್ಲ ಮುರಿದುಕೊಂಡು ಹೋಯಿತು. ಸಾಹೇಬರು ನಗು ನುಂಗಲು ಒಂದು ಕೊಡ ನೀರು ಕುಡಿದರು. ಅಮರಪ್ಪ ನೆಲ ನೋಡಿದ. ಅಳಿಯನನ್ನು ಎಳ್ಳಷ್ಟೂ ನಂಬದ ಆ ಸಾಕ್ಷಿಯನ್ನು ಕೋರ್ಟು ಪೂರಾ ನಂಬಿತು. ಅಮರಪ್ಪ ಖುಲಾಸೆಯಾದ.

ಮಷಿನ್ ಕೋರ್ಟಿನಿಂದ ವಾಪಸ್ ಬಂದ ಮೇಲಿನ ಸೋಮವಾರ ಅವನೇ ತಲೆಗೆ ಸ್ನಾನ ಮಾಡಿ, ಮಾಲೆ ಹಿಡಿದು ಅಂಗಡಿಗೆ ಬಂದ. "ಈ ದೇವರು ನನ್ನ ಉಳಸ್ಯಾನ ಅತ್ತಿ. ಇನ್ನ ಮ್ಯಾಲ ಪೂಜಿ ನಂದು."

ಗೊಲ್ಲಾಳಮ್ಮನ ಕಣ್ಣು ತುಂಬಿ ಬಂತು. ಅವನು ಮಾಲೆ ಹಾಕಿದ ಮೇಲೆ ಕಣ್ಣೊರೆಸಿಕೊಂಡು ಟಿವಿ ನೋಡಿದಳು. ಬಾಗಿಲಿಲ್ಲ, ಡಬ್ಬಿಯಿಲ್ಲ, ಮೇಲಿಂದ ಕೆಳಗಿನವರೆಗೆ ಚೆಂಡು ಹೂವಿನ ಹೊಲ.

"ಮಾಲಿ ಸ್ವಲ್ಪ ಸಣ್ಣದು ಮಾಡ್ರಿ ಅಳಿಯಾರ."

"ದೇವರಿಗೆ ಕಡಿಮಿ ಮಾಡಬಾರದು ಅತ್ತಿ," ಎಂದು ಒಳಗಿನಿಂದ ಉತ್ತರ ಬಂತು. ಮಾತು ಸ್ಪಷ್ಟವಾಗಿರಲಿಲ್ಲ, ಬಾಯಿ ತುಂಬಿತ್ತು.