ಡಬ್ಬಿಯ ಮೇಲಿನ ಆಯಮ್ಮ

ಬಾಣಂತಿಯರ ವಾರ್ಡಿನಲ್ಲಿ ಹದಿನೆಂಟು ವರ್ಷ ದುಡಿದರೂ ಆಯಮ್ಮನ ಕೆಲಸ ಕಾಯಂ ಆಗಿರಲಿಲ್ಲ. ಮೂವತ್ತು ಮಂಚಗಳ ರಕ್ತದ ಬಟ್ಟೆಯನ್ನು ಒಬ್ಬಳೇ ಒಗೆಯುತ್ತಿದ್ದಳು. ಫಿನಾಯಿಲು ತಿಂದ ಬೆರಳುಗಳಲ್ಲಿ ಒಂದು ಉಗುರೂ ನೆಟ್ಟಗಿರಲಿಲ್ಲ. ಆದರೆ ಹಸುಗೂಸಿಗೆ ಎದೆಹಾಲು ರೂಢಿ ಮಾಡಿಸುವುದರಲ್ಲಿ ಅವಳದು ಎತ್ತಿದ ಕೈ. ಡಾಕ್ಟರು ಬರೆದ ಚೀಟಿ ಕಳೆದುಹೋದರೂ ಬಾಣಂತಿಯರು ಆಯಮ್ಮನ ಮಾತು ಮರೆಯುತ್ತಿರಲಿಲ್ಲ.

ಪುಡಿಹಾಲಿನ ಕಂಪನಿಯವನ ಕಣ್ಣು ಬಿದ್ದದ್ದು ಈ ನಂಬಿಕೆಯ ಮೇಲೆಯೇ.

"ಅಮ್ಮ, ನೀವು ಏನೂ ಹೇಳೋದು ಬೇಡ. ಡಬ್ಬಿ ಹಿಡ್ಕೊಂಡು ಫೋಟೋಗೆ ಒಂದ್ಸಲ ನಕ್ಕರೆ ಸಾಕು" ಎಂದ.

"ನಾನು ಇದನ್ನ ಯಾವ ಕೂಸಿಗೂ ಕುಡಿಸಿಲ್ಲವಲ್ಲಪ್ಪ."

"ಕುಡಿಸಿದೀರಿ ಅಂತ ನಾವೆಲ್ಲಿ ಬರೀತೀವಿ?"

ಮನೆಯಲ್ಲಿ ಗಂಡ ಗೋಡೆ ತಡವಿಕೊಂಡು ನಡೆಯುತ್ತಿದ್ದ. ಕಣ್ಣಿಗೆ ಪೊರೆ ಬಂದು ಎರಡು ವರ್ಷವಾಗಿತ್ತು. ಇವಳು ದುಡಿಯುವ ಆಸ್ಪತ್ರೆಯಲ್ಲಿ ಕಣ್ಣಿನ ಡಾಕ್ಟರಿರಲಿಲ್ಲ, ಹೊರಗೆ ಆಪರೇಷನ್ ಮಾಡಿಸಲು ಕೈಯಲ್ಲಿ ಕಾಸಿರಲಿಲ್ಲ. ಆಯಮ್ಮ ನಕ್ಕಳು. ಆ ದುಡ್ಡಿನಿಂದ ಗಂಡನಿಗೆ ಕಣ್ಣು ಬಂತು. ಅವನು ಅವಳ ಚಿತ್ರ ಅಚ್ಚಾಗಿದ್ದ ಡಬ್ಬಿಯನ್ನು ತಿರುಗಿಸಿ ನೋಡಿ, "ಮದುವೆ ದಿನ ಕೂಡ ಇಷ್ಟು ಚೆನ್ನಾಗಿ ನಕ್ಕಿರಲಿಲ್ಲ ಕಣೇ ನೀನು" ಎಂದು ರೇಗಿಸಿದ. ಅವಳಿಗೂ ಒಳಗೊಳಗೇ ಹೆಮ್ಮೆಯಾಯಿತು.

ಡಬ್ಬಿಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿತ್ತು: ಒಂದು ವರ್ಷ ತುಂಬಿದ ಮಕ್ಕಳಿಗೆ ಮಾತ್ರ. ಓದು ಬಾರದ ತಾಯಂದಿರು ಅಕ್ಷರ ನೋಡಲಿಲ್ಲ, ಮುಖ ನೋಡಿದರು. ಆಯಮ್ಮ ಅಂದರೆ ಹಸುಗೂಸುಗಳ ಆಯಮ್ಮ. ಅವಳ ಚಿತ್ರವಿದ್ದ ಮೇಲೆ ಅದು ಹಸುಗೂಸಿನ ಹಾಲೇ ಅಂದುಕೊಂಡರು.

ಇಟ್ಟಿಗೆ ಹೊರುವ ಹುಡುಗಿಯೊಬ್ಬಳು ಎರಡು ತಿಂಗಳ ಹಿಂದೆ ಇದೇ ವಾರ್ಡಿನಲ್ಲಿ ಹೆತ್ತಿದ್ದಳು. ಒಂದು ಮಧ್ಯಾಹ್ನ ಬರಿಗೈಯಲ್ಲಿ ಬಂದು ಆಯಮ್ಮನ ಮುಂದೆ ನಿಂತಳು. ಮಗು ಬೆಳಿಗ್ಗೆ ಮಕ್ಕಳ ವಾರ್ಡಿನಲ್ಲಿ ವಾಂತಿಭೇದಿಯಾಗಿ ತೀರಿಹೋಗಿತ್ತು.

"ಇಟ್ಟಿಗೆ ಹೊರೋ ಮೈ, ನನ್ನ ಹಾಲಲ್ಲಿ ಏನು ಶಕ್ತಿ ಇರುತ್ತೆ ಅಂತ ನಿಮ್ಮ ಡಬ್ಬಿ ತಗೊಂಡೆ ಆಯಮ್ಮ. ಬೇಗ ಖಾಲಿಯಾಗಬಾರದು ಅಂತ ನೀರು ಜಾಸ್ತಿ ಹಾಕಿಬಿಟ್ಟೆ. ನೀವು ಕೊಟ್ಟ ಹಾಲಲ್ಲಿ ತಪ್ಪಿರುತ್ತಾ? ಕಲಸೋದರಲ್ಲಿ ನಾನೇ ಎಡವಟ್ಟು ಮಾಡಿದೆ."

ಹಿರಿಯ ನರ್ಸು ಆಯಮ್ಮನ ತೋಳು ಹಿಡಿದು ಪಕ್ಕಕ್ಕೆಳೆದಳು.

"ಬಾಯಿ ಬಿಡಬೇಡ. ತಾಯಿಯ ಕೈ ಶುಚಿಯಾಗಿರಲಿಲ್ಲ ಅಂತ ರಿಪೋರ್ಟ್ ಬರೆದಾಗಿದೆ. ಕಂಪನಿಯವರು ದೊಡ್ಡ ಡಾಕ್ಟರ ರೂಮಿಗೆ ಏಸಿ ಹಾಕಿಸಿಕೊಟ್ಟಿದಾರೆ. ಏನಾದರೂ ಅಂದರೆ ನಿನ್ನ ಕೆಲಸ ಹೋಗುತ್ತೆ."

ಎಷ್ಟು ಅಚ್ಚುಕಟ್ಟು ನೋಡಿ. ಕಂಪನಿಯದು ತಪ್ಪಿಲ್ಲ, ಡಬ್ಬಿಯ ಮೇಲೆ ಬರೆದಿದೆ. ಆಸ್ಪತ್ರೆಯದು ತಪ್ಪಿಲ್ಲ, ರಿಪೋರ್ಟಿದೆ. ಇನ್ನುಳಿದವಳು ಕೂಸು ಕಳೆದುಕೊಂಡ ಈ ಹುಡುಗಿ. ಅವಳಂತೂ ಕೇಳುವ ಮೊದಲೇ ಒಪ್ಪಿಕೊಂಡಿದ್ದಾಳೆ.

ಆಯಮ್ಮ ತೋಳು ಬಿಡಿಸಿಕೊಂಡಳು. ಮೂವತ್ತು ಮಂಚಗಳಿಗೂ ಕೇಳುವಂತೆ ಹೇಳಿದಳು.

"ಎಲ್ಲರೂ ಕೇಳಿ. ಆ ಹಾಲು ನಾನು ಕೊಟ್ಟಿದ್ದಲ್ಲ. ಹಸುಗೂಸಿಗೆ ಅದು ಆಗೋದೂ ಇಲ್ಲ. ದುಡ್ಡು ತಗೊಂಡು ಡಬ್ಬಿ ಹಿಡಿದು ನಕ್ಕೆ, ಅಷ್ಟೇ. ಈ ಹುಡುಗಿದು ಏನೂ ತಪ್ಪಿಲ್ಲ. ಯಾರು ಕರೆದು ಕೇಳಿದರೂ ಇದನ್ನೇ ಹೇಳ್ತೀನಿ."

ಒಬ್ಬ ಬಾಣಂತಿ ಮಂಚದ ಕೆಳಗಿದ್ದ ಡಬ್ಬಿಯನ್ನು ತೆಗೆದು ಕಸದ ಬುಟ್ಟಿಗೆ ಹಾಕಿದಳು. ಆಮೇಲೆ ಇನ್ನೊಬ್ಬಳು ಎದ್ದಳು, ಮತ್ತೊಬ್ಬಳು ಎದ್ದಳು. ನರ್ಸು ಫೋನು ಮಾಡಲು ಓಡಿದಳು.

ಹುಡುಗಿ ಬಯ್ಯಲಿಲ್ಲ, ಎದೆ ಬಡಿದುಕೊಳ್ಳಲೂ ಇಲ್ಲ. ಒಂದೇ ಮಾತು ಕೇಳಿದಳು.

"ಹಾಗಾದರೆ, ನನ್ನ ಹಾಲೇ ಸಾಕಾಗ್ತಿತ್ತಾ ಆಯಮ್ಮ?"

ಇಲ್ಲ ಅಂದಿದ್ದರೆ ಆ ಸಂಕಟಕ್ಕೆ ಒಂದಿಷ್ಟು ಸಮಾಧಾನವಾಗುತ್ತಿತ್ತೇನೋ. ಆಯಮ್ಮನಿಗೆ ಇನ್ನೊಂದು ಸುಳ್ಳು ಹೇಳಲಾಗಲಿಲ್ಲ.

"ಸಾಕಾಗ್ತಿತ್ತು ಮಗಳೇ" ಎಂದಳು.