ಕತ್ತರಿಸಿದ ಮೂಲೆಗಳು

ಅಮ್ಮನನ್ನು ಹೂಳುವ ಗುಂಡಿಯ ಪಕ್ಕ ಇಟ್ಟಿದ್ದ ಹೂಚಕ್ರದ ಮಡಚಿಕೊಂಡಿದ್ದ ರೇಷ್ಮೆ ಪಟ್ಟಿಯನ್ನು ವೀಬ್ಕೆ ರಪ್ಪನೆ ಎಳೆದು ಬಿಡಿಸಿದಳು. ಒಂದು ತುದಿಯಲ್ಲಿ, 'ನಮ್ಮ ಸಹಾಯಕಿ ಹೆಡ್ವಿಗ್‌ಗೆ.' ಇನ್ನೊಂದರಲ್ಲಿ, ಅದಕ್ಕಿಂತ ದೊಡ್ಡ ಚಿನ್ನದ ಅಕ್ಷರಗಳಲ್ಲಿ, 'ಪ್ರೊಫೆಸರ್ ಎಲ್ಲರ್‌ಬ್ರೋಕ್.'

"ಸಹಾಯಕಿಯಂತೆ! ಮೂವತ್ತೊಂದು ವರ್ಷ ಕಣ್ಣು ಕಳ್ಕೊಂಡು ದುಡಿದ ನಮ್ಮಮ್ಮ ಸಹಾಯಕಿ!"

"ಮೆಲ್ಲಗೆ ಮಾತಾಡೇ. ಪಾದ್ರಿಗಳು ಇತ್ಲಾಗೇ ನೋಡ್ತಿದಾರೆ," ಎಂದಳು ಚಿಕ್ಕಮ್ಮ ಟ್ರೂಡೆ.

ಗುಂಡಿಯ ಬಳಿ ಪ್ರೊಫೆಸರರು ಗಂಟಲು ಸರಿಮಾಡಿಕೊಂಡರು. "ಫ್ರೀಡ್‌ಹೋಫ್. ಸ್ಮಶಾನಕ್ಕೆ ನಾವನ್ನೋ ಈ ಮಾತನ್ನ ಎಲ್ರೂ ಶಾಂತಿಯ ಅಂಗಳ ಅಂದ್ಕೊಂಡಿದಾರೆ. ಅಲ್ಲ. ಮೊದಲು ಅದು ಬೇಲಿ ಹಾಕಿ ಕಾಯ್ದ ಅಂಗಳ. ಹಳೇ ಚರ್ಚುಗಳ ಕಡತ ತಿರುವಿ ನಾನು ಒಂದೊಂದೇ ಸಾಕ್ಷಿ ಹೆಕ್ಕಿ ಪುಸ್ತಕ ಬರೆಯುವಾಗ, ಪಾಪ, ಹೆಡ್ವಿಗ್ ಕಾಫಿ ಮಾಡಿಕೊಡ್ತಿದ್ರು."

ಜನ ನಕ್ಕರು. ವೀಬ್ಕೆಗೆ ಮೈಯೆಲ್ಲ ಉರಿದುಹೋಯಿತು.

*

ಹತ್ತು ವರ್ಷದವಳಿದ್ದಾಗ ರಜೆಯಲ್ಲಿ ಅವಳು ಅಮ್ಮನ ಜೊತೆ, ಪ್ರೊಫೆಸರರು ನಡೆಸುತ್ತಿದ್ದ ನಿಘಂಟಿನ ಕಚೇರಿಗೆ ಹೋಗುತ್ತಿದ್ದಳು. ಕಡತದಲ್ಲಿ ಪದ ಸಿಕ್ಕಿದ ಸಾಲನ್ನು ಅಂಗೈಯಗಲದ ಚೀಟಿಗೆ ಇಳಿಸಿ, ಬಲಮೂಲೆಯಲ್ಲಿ ಬರೆದವರ ಹೆಸರಿನ ಮೊದಲಕ್ಷರ ಹಾಕುವುದು ಅಲ್ಲಿನ ಪದ್ಧತಿ. 'ಫ್ರೀಡ್‌ಹೋಫ್' ಎಂಬ ಒಂದು ಪದಕ್ಕೇ ಅಮ್ಮ ನಾನೂರು ಚೀಟಿ ಬರೆದಿದ್ದಳು. ಒಂದು ಸಂಜೆ ಅವಳು ಕಸದ ಬುಟ್ಟಿಗೆ ಬಗ್ಗಿ ಕಾಗದದ ಚೂರು ಆಯುತ್ತಿದ್ದಳು. ಎಲ್ಲದರಲ್ಲೂ ಅಮ್ಮನ ಹೆಸರಿನ 'ಹೆ. ಬ್ರಿ.'

"ಯಾರಮ್ಮ ಕತ್ತರಿಸಿದ್ದು?"

"ಪ್ರೊಫೆಸರ್ರು. ಅವರ ಪುಸ್ತಕಕ್ಕೆ ಚೀಟಿ ಬೇಕಂತೆ, ನನ್ನ ಹೆಸರು ಬೇಡವಂತೆ."

"ನೀನು ಕೇಳಲಿಲ್ವಾ?"

"ಕೇಳಿದ್ರೆ ಕೆಲಸ ಉಳಿಯುತ್ತೇನೇ? ನಡಿ, ಬಸ್ಸು ಹೋಗ್ಬಿಡುತ್ತೆ."

ಚೂರುಗಳನ್ನೆಲ್ಲ ಬಿಸ್ಕತ್ತಿನ ಡಬ್ಬಿಗೆ ತುಂಬಿ ಮುಚ್ಚಳ ಒತ್ತಿದಳು.

*

ಎಲ್ಲರೂ ಮೂರು ಹಿಡಿ ಮಣ್ಣು ಹಾಕಿ ಸರಿದರು. ವೀಬ್ಕೆ ಮಣ್ಣು ಮುಟ್ಟಲಿಲ್ಲ. ಚೀಲದಿಂದ ಆ ಡಬ್ಬಿ ತೆಗೆದು ಪ್ರೊಫೆಸರರ ಮೂಗಿನ ಕೆಳಗೆ ಹಿಡಿದಳು.

"ಗುರುತು ಸಿಕ್ತಾ? ನೀವೇ ಕತ್ತರಿಸಿದ್ದು."

ಪ್ರೊಫೆಸರರು ಒಂದು ಹೆಜ್ಜೆ ಹಿಂದೆ ಸರಿದರು. "ಇಂಥ ದಿನ ಈ ಹಳೇ ಕತೆ ಯಾಕಮ್ಮ..."

"ಇವತ್ತಲ್ದೆ ಇನ್ಯಾವತ್ತು? ನಾಳೆಗೆ ಅವಳಿರ್ತಾಳಾ?"

ಅವಳು ಚೂರುಗಳನ್ನೆಲ್ಲ ಗುಂಡಿಯೊಳಗಿನ ಶವಪೆಟ್ಟಿಗೆಯ ಮೇಲೆ ಸುರಿದಳು. ನಾನೂರು ಸಲ ಅಮ್ಮನ ಹೆಸರು ಬಿತ್ತು. ನಕ್ಕಿದ್ದವರೆಲ್ಲ ಬಗ್ಗಿ ನೋಡಿದರು. ವೀಬ್ಕೆ ಹೂಚಕ್ರದ ಪಟ್ಟಿಯನ್ನು ಹಿಡಿದು ಜಗ್ಗಿದಳು. ಹರಿಯಲಿಲ್ಲ.

"ಕೈಯಲ್ಲಿ ಹರಿಯಲ್ಲ ಕಣೇ ಅದು," ಎಂದಳು ಇಷ್ಟು ಹೊತ್ತು ಸುಮ್ಮನಿರಿಸುತ್ತಿದ್ದ ಟ್ರೂಡೆ. ಹೊಲಿಗೆ ಕೆಲಸದವಳಾದ ಅವಳು ಕೈಚೀಲದಿಂದ ಕತ್ತರಿ ತೆಗೆದುಕೊಟ್ಟಳು.

ಜನ ಕಾಫಿಗೂ ಕೇಕಿಗೂ ಹೊರಟರು. ಗುಂಡಿಯ ಪಕ್ಕ ಪ್ರೊಫೆಸರರು ಒಬ್ಬರೇ ನಿಂತಿದ್ದರು, ಕೈಯಲ್ಲಿ ಬಿಸ್ಕತ್ತಿನ ಡಬ್ಬಿ, ಅದರೊಳಗೆ ಪಟ್ಟಿಯಿಂದ ಕತ್ತರಿಸಿದ, ಚಿನ್ನದ ಅಕ್ಷರದ ಅವರ ಹೆಸರು.